ಉಲ್ಲೇಖದ ಋಣ

ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಪೂರ್ವಕವಿಸ್ಮರಣೆಯೆಂಬ ಸಂಪ್ರದಾಯ ಅಪರಿಚಿತವಲ್ಲ. ಕವಿಯು ಇಷ್ಟದೇವತೆಯನ್ನು ಸ್ತುತಿಸಿದ ಬಳಿಕ, ಕಥೆಗೆ ಕೈಹಾಕುವ ಮುನ್ನ, ತನಗಿಂತ ಹಿಂದೆ ಬರೆದವರನ್ನು ಹೆಸರೆತ್ತಿ ನೆನೆಯುತ್ತಾನೆ. ತರಗತಿಯಲ್ಲಿ ಈ ಪದ್ಯಗಳು ಬಂದಾಗ ವಿದ್ಯಾರ್ಥಿಗಳು ಪುಟ ಮಗುಚುವ ಆತುರದಲ್ಲಿರುತ್ತಾರೆ. ಅವರನ್ನು ನಾನು ದೂರಲಾರೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಅದನ್ನೇ ಮಾಡಿದ್ದೇನೆ. ಆದರೆ ಪಾಠ ಹೇಳುತ್ತ ಹೇಳುತ್ತ ಆ ಪದ್ಯಗಳ ಬೆಲೆ ನನಗೆ ತಿಳಿಯುತ್ತ ಬಂದಿತು. ಕವಿರಾಜಮಾರ್ಗವು ಕನ್ನಡದ ಗದ್ಯಕಾರರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯ ನಮ್ಮ ಕೈಗೆ ಬಂದಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತನಗೆ ಲಕ್ಷ್ಯವಾದ ಕವಿಗಳನ್ನು ಎಣಿಸುವಾಗ ಗಜಗನನ್ನೂ ಅಸಗನನ್ನೂ ನೆನೆಯುತ್ತಾನೆ. ಗಜಗನ ಕಾವ್ಯವೂ ಇಲ್ಲ, ಅಸಗನ ಕನ್ನಡ ಕಾವ್ಯವೂ ಇಲ್ಲ. ಕೃತಿ ಅಳಿದುಹೋಗಿ ಉಲ್ಲೇಖವೊಂದೇ ಉಳಿದಿದೆ. ಆ ಒಂದು ಉಲ್ಲೇಖದ ಬಲದಿಂದ ಅವರು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಇಂದಿಗೂ ಸ್ಥಾನ ಪಡೆದಿದ್ದಾರೆ.

ಇದಕ್ಕೆ ವಿಪರೀತವಾದ ಸ್ಥಿತಿಯೂ ಉಂಟು. ಕೃತಿ ಕಣ್ಣೆದುರಿಗೇ ಇರುತ್ತದೆ. ಅದರಿಂದ ಲೋಕಕ್ಕೆ ಉಪಕಾರವೂ ಆಗುತ್ತಿರುತ್ತದೆ. ಮಾಡಿದವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಇಂದು ನಾನು ಹೇಳಹೊರಟಿರುವುದು ಅಂಥ ಒಬ್ಬ ವೈದ್ಯವಿಜ್ಞಾನಿಯ ವಿಷಯ. ಕನ್ನಡದ ಮೇಷ್ಟ್ರಿಗೆ ವೈದ್ಯವಿಜ್ಞಾನದ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವಾದುದು ಒಂದು ಅರ್ಜಿಯ ನಮೂನೆ.

ಕೆಲವು ವರ್ಷಗಳ ಹಿಂದೆ ನನ್ನ ಬಡ್ತಿಯ ಸಂಬಂಧವಾಗಿ ಆ ನಮೂನೆಯನ್ನು ತುಂಬಿಕೊಡಬೇಕಾಗಿ ಬಂದಿತು. 2010ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಧ್ಯಾಪಕರ ಕೆಲಸವನ್ನು ಅಂಕಗಳಲ್ಲಿ ಅಳೆಯುವ ನಿಯಮಗಳನ್ನು ತಂದ ಮೇಲೆ ಇಂಥ ನಮೂನೆಗಳು ನಮಗೆ ವಾಡಿಕೆಯಾಗಿಬಿಟ್ಟಿವೆ. ಪ್ರಕಟವಾದ ಲೇಖನದ ಶೀರ್ಷಿಕೆ, ಪತ್ರಿಕೆಯ ಹೆಸರು, ಆ ಪತ್ರಿಕೆಯ ‘ಇಂಪ್ಯಾಕ್ಟ್ ಫ್ಯಾಕ್ಟರ್’, ಲೇಖನಕ್ಕೆ ದೊರೆತ ‘ಸೈಟೇಷನ್’ಗಳ ಸಂಖ್ಯೆ ಎಂದು ಸಾಲಾಗಿ ಮನೆಗಳನ್ನು ಗೆರೆಯೆಳೆದು ಕೊಟ್ಟಿದ್ದರು. ಒಂದು ಚಂಪೂಕಾವ್ಯದ ಓಲೆಪ್ರತಿಗಳನ್ನು ಮೂರು ವರ್ಷಗಳ ಕಾಲ ಹೋಲಿಸಿ ನೋಡಿ, ಪಾಠಾಂತರಗಳನ್ನು ಕುರಿತು ನಾನು ಒಂದು ದೀರ್ಘ ಲೇಖನ ಬರೆದಿದ್ದೆ. ಅದು ಒಂದು ಸಾಹಿತ್ಯಿಕ ತ್ರೈಮಾಸಿಕದಲ್ಲಿ ಬಂದಿದ್ದಿತು. ಆ ತ್ರೈಮಾಸಿಕಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಇರಲಿಲ್ಲ. ಅದರ ಸಂಪಾದಕರಿಗೆ ಆ ಶಬ್ದದ ಪರಿಚಯವಾದರೂ ಇದ್ದಿತೋ ಇಲ್ಲವೋ. ನಾನು ಎರಡು ಮನೆಗಳಲ್ಲೂ ಅಡ್ಡಗೆರೆ ಎಳೆದು ಕಚೇರಿಗೆ ಒಪ್ಪಿಸಿದೆ. ಗುಮಾಸ್ತರು ನೋಡಿ, “ಸಾರ್, ಗೆರೆ ಹಾಕಿದರೆ ಕಂಪ್ಯೂಟರು ತಗೊಳ್ಳೋದಿಲ್ಲ. ಸೊನ್ನೆ ಅಂತ ಹಾಕಿಬಿಡಿ” ಎಂದರು. ಒಳ್ಳೆಯ ಮನುಷ್ಯರು, ನನಗೆ ಸಹಾಯವಾಗಲೆಂದೇ ಹೇಳಿದ ಮಾತು. ಹಾಗೆಯೇ ಹಾಕಿದೆ. ಅಡ್ಡಗೆರೆಗೂ ಸೊನ್ನೆಗೂ ಇರುವ ಅಂತರವನ್ನು ಅಂದಿನಷ್ಟು ಸ್ಪಷ್ಟವಾಗಿ ನಾನು ಹಿಂದೆಂದೂ ಅರಿತಿರಲಿಲ್ಲ. ಗೆರೆ ‘ಈ ಪ್ರಶ್ನೆ ಇಲ್ಲಿಗೆ ಸಲ್ಲದು’ ಎನ್ನುತ್ತದೆ. ಸೊನ್ನೆ ‘ಇದಕ್ಕೆ ಬೆಲೆಯಿಲ್ಲ’ ಎನ್ನುತ್ತದೆ.

ಅಧ್ಯಾಪಕರ ಕೊಠಡಿಯಲ್ಲಿ ಈ ಕಥೆಯನ್ನು ಹೇಳಿಕೊಂಡು ನಕ್ಕೆ. ಎಲ್ಲರೂ ನಕ್ಕರು. ಸೂಕ್ಷ್ಮಜೀವಿಶಾಸ್ತ್ರದ ಹಿರಿಯ ಅಧ್ಯಾಪಕಿಯೊಬ್ಬರು ಮಾತ್ರ ನಗಲಿಲ್ಲ. “ಮೇಷ್ಟ್ರೇ, ಶಂಭುನಾಥ ಡೇ ಅವರ ಹೆಸರು ಕೇಳಿದ್ದೀರಾ?” ಎಂದರು. ಇಲ್ಲವೆಂದೆ. “ನಾನೂ ಎಂ.ಎಸ್‌ಸಿ. ಮುಗಿಸುವ ತನಕ ಕೇಳಿರಲಿಲ್ಲ. ಕಾಲರಾ ವಿಷದ ಬಗ್ಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ, ಅದನ್ನು ಕಂಡುಹಿಡಿದವರು ನಮ್ಮವರು ಅನ್ನೋದು ಗೊತ್ತಿರಲಿಲ್ಲ” ಎಂದರು. ಮರುದಿನ ಹಳೆಯ ಪತ್ರಿಕೆಯೊಂದರ ನೆರಳಚ್ಚು ಪ್ರತಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ನನ್ನ ಓದು ಅಲ್ಲಿಂದ ಮೊದಲಾಯಿತು.

ಶಂಭುನಾಥ ಡೇ ಅವರು ಹುಟ್ಟಿದುದು 1915ರಲ್ಲಿ, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ. ಅನುಕೂಲಸ್ಥರ ಮನೆತನವಲ್ಲ. ವಿದ್ಯಾರ್ಥಿವೇತನದ ಬಲದಿಂದ ಓದಿ, ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ 1939ರಲ್ಲಿ ವೈದ್ಯ ಪದವಿಯನ್ನು ಪಡೆದರು. ರೋಗನಿದಾನಶಾಸ್ತ್ರದ ಪ್ರಾಧ್ಯಾಪಕರಾದ ಬಿ. ಪಿ. ತ್ರಿವೇದಿಯವರ ಕೈಕೆಳಗೆ ಪಳಗಿದರು. ಅನಂತರ ಲಂಡನ್ನಿಗೆ ಹೋಗಿ, ಸರ್ ರಾಯ್ ಕ್ಯಾಮೆರನ್ ಅವರ ಬಳಿ ಸಂಶೋಧನೆ ನಡೆಸಿ, 1949ರಲ್ಲಿ ಪಿಎಚ್.ಡಿ. ಪದವಿಯೊಡನೆ ಕಲ್ಕತ್ತೆಗೆ ಹಿಂದಿರುಗಿದರು. ಲಂಡನ್ನಿನಲ್ಲಿ ಅವರು ಅಭ್ಯಸಿಸಿದುದು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಬಗೆಯನ್ನು. ದೇಹದ ನೀರು ತನ್ನ ನೆಲೆಯನ್ನು ಬಿಟ್ಟು ಇರಬಾರದ ಕಡೆ ಏಕೆ ಹರಿಯುತ್ತದೆಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಆಗಲೇ ಬೇರೂರಿರಬೇಕು. ಊರಿಗೆ ಬಂದಾಗ ಅದೇ ಪ್ರಶ್ನೆ ಇನ್ನೂ ಘೋರವಾದ ರೂಪದಲ್ಲಿ ಅವರ ಎದುರಿಗೆ ನಿಂತಿದ್ದಿತು. ಅದೇ ಕಾಲರಾ.

ಇಂದಿನ ತರುಣರಿಗೆ ಕಾಲರಾ ಒಂದು ಹೆಸರು ಮಾತ್ರ. ನಮ್ಮ ಅಜ್ಜಿ ತಮ್ಮ ಬಾಲ್ಯದಲ್ಲಿ ಕಂಡ ವಾಂತಿಭೇದಿಯ ವರ್ಷವನ್ನು ನೆನೆಯುವಾಗ, ಬೆಳಗ್ಗೆ ಗದ್ದೆಗೆ ಹೋದವನು ಬೈಗಿಗೆ ಇರಲಿಲ್ಲ ಎನ್ನುತ್ತಿದ್ದರು. ಅದು ಉತ್ಪ್ರೇಕ್ಷೆಯಲ್ಲ. ರೋಗ ಉಲ್ಬಣಿಸಿದವನ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು, ನೋಡಲು ಅಕ್ಕಚ್ಚಿನಂತೆ, ಹರಿದುಹೋಗಬಲ್ಲದು. ಕಣ್ಣು ಗುಳಿಬೀಳುತ್ತದೆ, ಚರ್ಮ ಸುಕ್ಕಾಗುತ್ತದೆ, ನಾಡಿ ಸಿಕ್ಕುವುದಿಲ್ಲ.

ಈ ರೋಗದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಖ್ 1883ರಲ್ಲಿ ಈಜಿಪ್ಟಿನಲ್ಲಿ ಕಂಡು, 1884ರಲ್ಲಿ ಕಲ್ಕತ್ತೆಯಲ್ಲಿಯೇ ಖಚಿತಪಡಿಸಿದ್ದನು. ಅದು ಒಂದು ವಿಷವನ್ನು ಉಂಟುಮಾಡುತ್ತಿರಬೇಕೆಂದು ಅವನು ಊಹಿಸಿಯೂ ಇದ್ದನು. ಆದರೆ ಊಹೆಯನ್ನು ಸಿದ್ಧಪಡಿಸುವ ದಾರಿ ಸಿಕ್ಕಲಿಲ್ಲ. ಕ್ರಿಮಿಗಳನ್ನು ಪ್ರಾಣಿಗಳ ರಕ್ತಕ್ಕೋ ಉದರಕ್ಕೋ ಚುಚ್ಚಿದರೆ ಅವು ಸಾಯುತ್ತಿದ್ದುವು, ಭೇದಿಯಾಗುತ್ತಿರಲಿಲ್ಲ. ಆದ್ದರಿಂದ ವಿಷವು ಕ್ರಿಮಿಯ ಮೈಯೊಳಗೇ ಅಡಗಿದ್ದು, ಕ್ರಿಮಿ ಸತ್ತು ಒಡೆದಾಗ ಹೊರಬಂದು, ಕರುಳಿನ ಒಳಪದರವನ್ನು ಹಾಳುಮಾಡುತ್ತದೆಂಬ ಅಭಿಪ್ರಾಯ ಬಲವಾಗಿ ನೆಲೆಯೂರಿತು. ದೊಡ್ಡವರು ಒಪ್ಪಿದ ಅಭಿಪ್ರಾಯ ಪಠ್ಯಪುಸ್ತಕವನ್ನು ಸೇರಿದ ಮೇಲೆ ಅಲ್ಲಿಂದ ಕದಲುವುದು ಸುಲಭವಲ್ಲ. ಇದು ಸಾಹಿತ್ಯಕ್ಕೆ ಮಾತ್ರ ಮೀಸಲಾದ ಗುಣವೆಂದು ನಾನು ತಿಳಿದಿದ್ದೆ.

ಡೇ ಅವರು ಯೋಚಿಸಿದುದು ಸರಳವಾಗಿ. ರೋಗವಿರುವುದು ಕರುಳಿನಲ್ಲಿ, ಪರೀಕ್ಷಿಸಬೇಕಾದುದೂ ಕರುಳಿನಲ್ಲಿಯೇ. ಅವರು ಡಿ. ಎನ್. ಚಟರ್ಜಿ ಎಂಬ ಸಹೋದ್ಯೋಗಿಯೊಡನೆ ಒಂದು ಮೊಲಕ್ಕೆ ಅರಿವಳಿಕೆ ಕೊಟ್ಟು, ಹೊಟ್ಟೆಯನ್ನು ತೆರೆದು, ಸಣ್ಣಕರುಳಿನ ಒಂದು ತುಂಡನ್ನು ಎರಡು ಕಡೆ ದಾರದಿಂದ ಕಟ್ಟಿದರು. ಆ ಕಟ್ಟಿದ ಭಾಗದೊಳಕ್ಕೆ ಕಾಲರಾ ಕ್ರಿಮಿಗಳನ್ನು ಸೂಜಿಯಿಂದ ಬಿಟ್ಟು, ಕರುಳನ್ನು ಒಳಕ್ಕೆ ಸೇರಿಸಿ ಹೊಲಿದರು. ಮರುದಿನ ತೆರೆದು ನೋಡಿದಾಗ ಕಟ್ಟಿದ ತುಂಡು ನೀರಿನಿಂದ ಬಿಗಿದು ಊದಿಕೊಂಡಿದ್ದಿತು. ಒಳಗಿದ್ದುದು ಅದೇ ಅಕ್ಕಚ್ಚಿನಂಥ ನೀರು. ಎಪ್ಪತ್ತು ವರ್ಷಗಳಿಂದ ಪ್ರಾಣಿಗಳಲ್ಲಿ ಕಾಣಿಸದೆ ತಪ್ಪಿಸಿಕೊಳ್ಳುತ್ತಿದ್ದ ರೋಗಲಕ್ಷಣವನ್ನು ಒಂದು ಗೇಣು ಕರುಳು, ಎರಡು ಗಂಟು ದಾರ ಹಿಡಿದುಕೊಟ್ಟಿದ್ದುವು. 1953ರಲ್ಲಿ ಈ ವಿಧಾನವನ್ನು ಅವರು ಪ್ರಕಟಿಸಿದರು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. 1915ರಲ್ಲಿ, ಎಂದರೆ ಡೇ ಹುಟ್ಟಿದ ವರ್ಷದಲ್ಲಿಯೇ, ವಿಯೋಲ್ ಮತ್ತು ಕ್ರೆಂಡಿರೋಪೂಲೋ ಎಂಬಿಬ್ಬರು ಇದನ್ನು ಹೋಲುವ ಪ್ರಯೋಗವನ್ನು ಮೊಲದ ಮೇಲೆ ನಡೆಸಿದ್ದರು. ಯಾರೂ ನೆನೆಯದೆ ಆ ಕೆಲಸ ಮರೆತುಹೋಗಿದ್ದಿತು. ಮೂವತ್ತೆಂಟು ವರ್ಷಗಳ ಬಳಿಕ ಕಲ್ಕತ್ತೆಯಲ್ಲಿ ಅದು ಹೊಸದಾಗಿ ಹುಟ್ಟಬೇಕಾಯಿತು. ಉಲ್ಲೇಖವಾಗದೆ ಹೋದರೆ ನಷ್ಟವಾಗುವುದು ಮಾಡಿದವನ ಕೀರ್ತಿಗೆ ಮಾತ್ರವೆಂದು ತಿಳಿಯಬಾರದು. ನಡುವಣ ಆ ವರ್ಷಗಳಲ್ಲಿ ಕಾಲರಾದಿಂದ ಸತ್ತವರನ್ನು ನೆನೆದರೆ ಆ ಮರೆವಿನ ಭಾರ ತಿಳಿದೀತು.

ಪ್ರಯೋಗದ ಎರಡನೆಯ ಹೆಜ್ಜೆ ಇದಕ್ಕಿಂತ ದೊಡ್ಡದು. ಕ್ರಿಮಿಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಅವುಗಳನ್ನೆಲ್ಲ ತಡೆದುಬಿಡುವಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಆ ದ್ರವವನ್ನು ಸೋಸಿದರು. ಈಗ ಉಳಿದುದು ಕ್ರಿಮಿಯೊಂದೂ ಇಲ್ಲದ ತಿಳಿ. ಈ ತಿಳಿಯನ್ನು ಕಟ್ಟಿದ ಕರುಳಿನೊಳಕ್ಕೆ ಬಿಟ್ಟಾಗಲೂ ಕರುಳು ನೀರು ತುಂಬಿ ಊದಿಕೊಂಡಿತು. ಅಲ್ಲಿಗೆ ತೀರ್ಮಾನವಾಯಿತು: ವಿಷವು ಕ್ರಿಮಿ ಸತ್ತಾಗ ಹೊರಬೀಳುವ ವಸ್ತುವಲ್ಲ, ಬದುಕಿರುವ ಕ್ರಿಮಿ ಅದನ್ನು ಹೊರಕ್ಕೆ ಸ್ರವಿಸುತ್ತದೆ. ಡೇ ಇದನ್ನು ಬರೆದು ಲಂಡನ್ನಿನ ‘ನೇಚರ್’ ಪತ್ರಿಕೆಗೆ ಕಳುಹಿಸಿದರು. 1959ರ ಮೇ 30ರ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. 1533ನೆಯ ಪುಟದಲ್ಲಿ ಮೊದಲಾಗಿ 1534ನೆಯ ಪುಟದಲ್ಲಿ ಮುಗಿಯುವ ಲೇಖನ. ಲೇಖಕರ ಹೆಸರು ಒಂದೇ.

ಇಷ್ಟಾದ ಮೇಲೆ ಲೋಕವೆಲ್ಲ ಎದ್ದು ನಿಂತಿರಬೇಕೆಂದು ನಾವು ಭಾವಿಸುತ್ತೇವೆ. ಹಾಗೇನೂ ಆಗಲಿಲ್ಲ. ಲೇಖನ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಡೇ 1961ರಲ್ಲಿ ಕಾಲರಾ ಕುರಿತು ಒಂದು ಗ್ರಂಥವನ್ನೂ ಪ್ರಕಟಿಸಿದರು. ವಿಷವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಲು ಯತ್ನಿಸಿದರು. ಅದಕ್ಕೆ ಬೇಕಾದ ಉಪಕರಣಗಳ ಕೊರತೆ ಅವರನ್ನು ತಡೆಯಿತು. ಆ ಕಾಲದ ಕಲ್ಕತ್ತೆಗೆ ಲೋಕದ ಕಿವಿಯನ್ನು ತಲುಪುವುದು ಸುಲಭವಾಗಿರಲಿಲ್ಲವೆಂದು ತೋರುತ್ತದೆ. ಅದೇ 1953ರಲ್ಲಿ ಅದೇ ನಗರದ ಹೇಮೇಂದ್ರನಾಥ ಚಟರ್ಜಿಯವರು, ಕಾಲರಾ ರೋಗಿಗಳಿಗೆ ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕೊಟ್ಟು ಗುಣಪಡಿಸಿದುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಅದನ್ನೂ ಆಗ ಯಾರೂ ಕಿವಿಯಲ್ಲಿ ಹಾಕಿಕೊಳ್ಳಲಿಲ್ಲ.

1961ರಲ್ಲಿ ಇಂಡೋನೇಷ್ಯದಿಂದ ಹೊರಟ ಕಾಲರಾ ಒಂದು ದೇಶದಿಂದ ಇನ್ನೊಂದಕ್ಕೆ ದಾಟುತ್ತ ಬಂದಂತೆ ಶ್ರೀಮಂತ ದೇಶಗಳ ಪ್ರಯೋಗಶಾಲೆಗಳೂ ಎಚ್ಚರಗೊಂಡುವು. ಸಂಶೋಧಕರು ಕಟ್ಟಿದ ಕರುಳಿನ ವಿಧಾನವನ್ನು ಹಿಡಿದುಕೊಂಡು ಮುಂದುವರಿದರು. 1969ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲ್ಲುಟೋ ಅವರು ಆ ವಿಷವನ್ನು ಶುದ್ಧವಾಗಿ ಬೇರ್ಪಡಿಸಿದರು. ವಿಷವು ಕರುಳಿನ ಪದರವನ್ನು ಕಿತ್ತುಹಾಕುವುದಿಲ್ಲ. ಅಲ್ಲಿಯ ಜೀವಕೋಶಗಳು ಉಪ್ಪನ್ನೂ ನೀರನ್ನೂ ಎಡೆಬಿಡದೆ ಹೊರಕ್ಕೆ ಸುರಿಸುವಂತೆ ಮಾಡುತ್ತದೆ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಪದರವು ನಾಶವಾಗಿಲ್ಲವಾದ್ದರಿಂದ ಸಕ್ಕರೆಯೊಡನೆ ಉಪ್ಪು ನೀರನ್ನು ಅದು ಹೀರಿಕೊಳ್ಳಬಲ್ಲದು. ಬಾಯಿಯ ಮೂಲಕ ನೀರು ಕೊಡುವ ಚಿಕಿತ್ಸೆ ಬೇರೆ ಹಲವರ ಶೋಧನೆಗಳಿಂದ ಬೆಳೆದುಬಂದುದು. ಆದರೆ ಅದು ಏಕೆ ಫಲಿಸುತ್ತದೆಂಬುದು ಈ ತಿಳಿವಳಿಕೆಯ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಾಲನಬೀಸ್ ಅವರು ಈ ಚಿಕಿತ್ಸೆಯನ್ನು ನಡೆಸಿದಾಗ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಕ್ಕಿಳಿಯಿತು. ಇಂದು ಹಳ್ಳಿಯ ಔಷಧದಂಗಡಿಯಲ್ಲಿಯೂ ಸಿಕ್ಕುವ ಓ.ಆರ್.ಎಸ್. ಪೊಟ್ಟಣವನ್ನು ಕತ್ತರಿಸುವಾಗ ಈ ಕಥೆ ಯಾರಿಗೂ ನೆನಪಾಗುವುದಿಲ್ಲ. ಆಗಬೇಕಾದ ಅಗತ್ಯವೂ ಇಲ್ಲ. ಅಮ್ಮನಿಗೆ ಮಗು ಉಳಿದರೆ ಸಾಕು. ಆದರೆ ವಿದ್ವಾಂಸರ ಲೋಕಕ್ಕೆ ನೆನಪಿನ ಹೊಣೆ ಇದೆ.

ಆ ನೆನಪನ್ನು ಎಣಿಸಿ ನೋಡುವ ಉಪಾಯವೊಂದು ಅದೇ ಕಾಲದಲ್ಲಿ ಅಮೆರಿಕದಲ್ಲಿ ಸಿದ್ಧವಾಗುತ್ತಿದ್ದಿತು. ಯುಜೀನ್ ಗಾರ್‌ಫೀಲ್ಡ್ ಎಂಬುವರು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಲಹೆಯನ್ನು ಮುಂದಿಟ್ಟರು. ಅಲ್ಲಿಯ ವಕೀಲರ ಬಳಿ 1873ರಿಂದಲೂ ಒಂದು ಬಗೆಯ ಸೂಚಿ ಇದ್ದಿತು. ಒಂದು ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳಲ್ಲಿ ಎತ್ತಿ ಹೇಳಲಾಗಿದೆ ಎಂಬುದು ಅದರಲ್ಲಿ ಸಿಕ್ಕುತ್ತಿದ್ದಿತು. ವಿಜ್ಞಾನದ ಲೇಖನಗಳಿಗೂ ಅಂಥ ಸೂಚಿ ಏಕಿರಬಾರದು? ಲೇಖನದ ಕೊನೆಯಲ್ಲಿ ಲೇಖಕನು ತಾನು ಬಳಸಿಕೊಂಡ ಹಿಂದಿನ ಲೇಖನಗಳನ್ನು ಹೆಸರಿಸುತ್ತಾನಷ್ಟೆ. ಅವುಗಳನ್ನೆಲ್ಲ ತಿರುಗುಮುರುಗಾಗಿ ಜೋಡಿಸಿದರೆ, ಯಾವ ಲೇಖನವನ್ನು ಯಾರು ಯಾರು ನೆನೆದಿದ್ದಾರೆಂಬುದು ತಿಳಿಯುತ್ತದೆ. 1964ರಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಎಂಬ ಹೆಸರಿನಿಂದ ಆ ಸೂಚಿ ಹೊರಬಂದಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಲೋಕದ ವಿಜ್ಞಾನಿಗಳ ಪೂರ್ವಕವಿಸ್ಮರಣೆಯ ಪದ್ಯಗಳನ್ನೆಲ್ಲ ಒಂದೆಡೆ ಕೂಡಿಸಿ ಮಾಡಿದ ಕವಿಚರಿತೆ ಅದು. ಉದ್ದೇಶ ಒಳ್ಳೆಯದೇ ಆಗಿದ್ದಿತು: ಒಂದು ವಿಚಾರದ ಜಾಡನ್ನು ಹಿಡಿದು ಹೋಗಲು ಓದುಗನಿಗೆ ದಾರಿ ತೋರುವುದು.

ಈ ದಾರಿದೀಪವನ್ನೇ ಮುಂದೆ ತಕ್ಕಡಿಯಾಗಿ ಬಳಸಲು ತೊಡಗಿದರು. ನನ್ನ ನಮೂನೆಯಲ್ಲಿದ್ದ ಇಂಪ್ಯಾಕ್ಟ್ ಫ್ಯಾಕ್ಟರ್ ಇಂಥದೊಂದು ತೂಕದ ಬಟ್ಟು. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖಗಳು ಬಂದುವು ಎಂಬುದೇ ಅದು. ಅದು ಪತ್ರಿಕೆಯ ಲೆಕ್ಕ. ಲೇಖನದ್ದಾಗಲಿ ಲೇಖಕನದ್ದಾಗಲಿ ಅಲ್ಲ. ಮೇಲಾಗಿ ಅದರ ಕಣ್ಣಿಗೆ ಕಾಣುವುದು ಎರಡು ವರ್ಷಗಳ ದೂರ. ಡೇ ಅವರ 1959ರ ಲೇಖನದ ಬೆಲೆ ಲೋಕಕ್ಕೆ ತಿಳಿಯಲು ಹತ್ತು ವರ್ಷಗಳಾದರೂ ಬೇಕಾದುವು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಇನ್ನೊಂದು ಅಳತೆಯನ್ನು ಸೂಚಿಸಿದರು. ಒಬ್ಬನು ಬರೆದ ಲೇಖನಗಳಲ್ಲಿ ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖಗಳಿದ್ದರೆ ಅವನ ಸೂಚ್ಯಂಕ ಹತ್ತು. ಇಪ್ಪತ್ತಕ್ಕೆ ತಲಾ ಇಪ್ಪತ್ತಿದ್ದರೆ ಇಪ್ಪತ್ತು. ಇದು ವ್ಯಕ್ತಿಯ ಲೆಕ್ಕವೇನೋ ಹೌದು. ಆದರೆ ಮೂರೇ ಲೇಖನಗಳನ್ನು ಬರೆದವನು, ಅವು ಲೋಕವನ್ನೇ ಬದಲಿಸಿದ್ದರೂ, ಈ ಅಳತೆಯಲ್ಲಿ ಮೂರನ್ನು ದಾಟಲಾರ. ಡೇ ಅವರು ಹೆಚ್ಚು ಬರೆದವರಲ್ಲ. ಇಂದಿನ ಆಯ್ಕೆ ಸಮಿತಿಯೊಂದರ ಎದುರಿಗೆ 1965ರ ಶಂಭುನಾಥ ಡೇ ತಮ್ಮ ಲೇಖನಗಳ ಪಟ್ಟಿಯನ್ನು ಹಿಡಿದು ನಿಂತಿದ್ದರೆ ಏನಾಗುತ್ತಿದ್ದಿತೆಂದು ನಾನು ಹಲವು ಸಲ ಊಹಿಸಿಕೊಂಡಿದ್ದೇನೆ.

ಉಲ್ಲೇಖ ಅತ್ಯಧಿಕವಾಗಿದ್ದರೆ ಅದೇ ಅತ್ಯುತ್ತಮವೆಂದಾದರೂ ಹೇಳಬಹುದೇ? ಲೋಕದಲ್ಲಿ ಅತಿ ಹೆಚ್ಚು ಸಲ ಉಲ್ಲೇಖಗೊಂಡ ವಿಜ್ಞಾನ ಲೇಖನ 1951ರಲ್ಲಿ ಆಲಿವರ್ ಲೌರಿ ಎಂಬ ಅಮೆರಿಕದ ಜೀವರಸಾಯನಶಾಸ್ತ್ರಜ್ಞರು ಮೂವರು ಸಂಗಡಿಗರೊಡನೆ ಬರೆದುದು. ಒಂದು ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆಯೆಂದು ಅಳೆಯುವ ವಿಧಾನ ಅದರಲ್ಲಿದೆ. 2014ರ ಹೊತ್ತಿಗೆ ಅದನ್ನು 3 ಲಕ್ಷಕ್ಕೂ ಹೆಚ್ಚು ಲೇಖನಗಳು ಹೆಸರಿಸಿದ್ದುವು. ಡಿ.ಎನ್.ಎ. ರಚನೆಯನ್ನು ತಿಳಿಸಿದ 1953ರ ಲೇಖನವಾದರೋ ಆಗ ಮೊದಲ ನೂರರ ಪಟ್ಟಿಯನ್ನೂ ಸೇರಿರಲಿಲ್ಲ. ತಮ್ಮದು ಮಹತ್ವದ ಲೇಖನವೇನೂ ಅಲ್ಲವೆಂದು ಸ್ವತಃ ಲೌರಿಯವರೇ ಒಪ್ಪಿಕೊಂಡಿದ್ದರು. ಅಷ್ಟು ಜನ ನೆನೆಯುತ್ತಾರೆಂಬ ಸಂತೋಷವನ್ನೂ ಮುಚ್ಚಿಡಲಿಲ್ಲ. ಸೌಟನ್ನು ಎಲ್ಲ ಅಡಿಗೆಮನೆಗಳಲ್ಲಿಯೂ ಬಳಸುತ್ತಾರೆ. ಅದು ಉಪಯುಕ್ತವಾದ ವಸ್ತು. ಅದರ ಬಳಕೆಯನ್ನು ಎಣಿಸಿ ಪಾಕದ ರುಚಿಯನ್ನು ಹೇಳಲಾಗದು.

ಹಾಗೆಂದು ಎಣಿಕೆಯನ್ನು ಹಳಿದು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಡೇ ಅವರ ಕಥೆಯೇ ಅದಕ್ಕೆ ಅಡ್ಡಬರುತ್ತದೆ.

1978ರಲ್ಲಿ ನೊಬೆಲ್ ಪ್ರತಿಷ್ಠಾನವು ಸ್ಟಾಕ್‌ಹೋಮಿನಲ್ಲಿ ಕಾಲರಾ ಮತ್ತು ಅದನ್ನು ಹೋಲುವ ಭೇದಿರೋಗಗಳನ್ನು ಕುರಿತು ಒಂದು ವಿದ್ವದ್ಗೋಷ್ಠಿಯನ್ನು ಏರ್ಪಡಿಸಿತು. ಡೇ ಅವರಿಗೆ ಆಹ್ವಾನ ಬಂದಿತು. ಅವರು ಕಾಲೇಜಿನಿಂದ ನಿವೃತ್ತರಾಗಿ ಐದು ವರ್ಷಗಳಾಗಿದ್ದುವು. ಅಲ್ಲಿ ಅವರು ಆಡಿದ ಮಾತಿನ ಸಾರ ಇಷ್ಟು: ತಾವು 1960ರ ದಶಕದ ಆರಂಭದಲ್ಲಿಯೇ ಸತ್ತುಹೋಗಿದ್ದವರು, ಈ ಗೋಷ್ಠಿಯವರು ತಮ್ಮನ್ನು ಗೋರಿಯಿಂದ ಅಗೆದು ತೆಗೆದಿದ್ದಾರೆ, ಈ ಎರಡು ದಿನಗಳಲ್ಲಿ ಮತ್ತೆ ಜೀವ ಬರುತ್ತಿರುವಂತೆ ತೋರುತ್ತಿದೆ. ಈ ಮಾತನ್ನು ನಾನು ನೆರಳಚ್ಚಿನ ಪುಟಗಳಲ್ಲಿ ಓದಿದಾಗ ಮುಂದಕ್ಕೆ ಹೋಗಲಾಗದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅವರು ಅದನ್ನು ನಗುತ್ತ ಹೇಳಿದರೋ ಏನೋ. ಮನುಷ್ಯನು ತನ್ನ ಕೆಲಸ ಬದುಕಿರುವಾಗಲೇ ತಾನು ಸತ್ತವನಂತೆ ಇರಬೇಕಾಗುತ್ತದೆಂಬುದನ್ನು ಇದಕ್ಕಿಂತ ನೇರವಾಗಿ ಹೇಳಿದ ಮಾತನ್ನು ನಾನು ಕಾವ್ಯದಲ್ಲಿಯೂ ಕಂಡಿಲ್ಲ. 1958ರ ನೊಬೆಲ್ ಪುರಸ್ಕೃತರಾದ ಜೋಶುವಾ ಲೆಡರ್‌ಬರ್ಗ್ ಅವರು ಡೇ ಅವರ ಹೆಸರನ್ನು ಆ ಪಾರಿತೋಷಕಕ್ಕೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. ಪಾರಿತೋಷಕ ಬರಲಿಲ್ಲ. ತಮ್ಮ ದೇಶದ ವಿಜ್ಞಾನ ಅಕಾಡೆಮಿಗಳಲ್ಲಿ ಒಂದಾದರೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1985ರ ಏಪ್ರಿಲ್ 15ರಂದು ಅವರು ತೀರಿಕೊಂಡರು.

ಮರುವರ್ಷ, 1986ರ ಏಪ್ರಿಲ್‌ನಲ್ಲಿ, ಆ ಸೂಚಿಯ ಜನಕರಾದ ಗಾರ್‌ಫೀಲ್ಡ್ ಅವರೇ ತಮ್ಮ ಪತ್ರಿಕೆಯಲ್ಲಿ ಕಾಲರಾ ಸಂಶೋಧನೆಯ ನಕ್ಷೆಯನ್ನು ಬಿಡಿಸಿ, ಅದರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರ ಪ್ರಭಾವವನ್ನು ಕುರಿತು ಬರೆದರು. ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂಬ ಎಳೆಗಳನ್ನು ಹಿಡಿದು ಹಿಂದಕ್ಕೆ ಹೋದಾಗ ದಾರಿ ಡೇ ಅವರ ಪುಟಗಳನ್ನು ಮುಟ್ಟುತ್ತಿದ್ದಿತು. 1959ರ ಲೇಖನ ಮೊದಲು ಗುರುತಿಸಲ್ಪಡಲಿಲ್ಲವೆಂದೂ, ಈಗ ಅದು ಕಾಲರಾ ಸಂಶೋಧನೆಯ ಇತಿಹಾಸದಲ್ಲಿ ಮೈಲಿಗಲ್ಲೆಂದು ಪರಿಗಣಿತವಾಗಿದೆಯೆಂದೂ ಅವರು ಬರೆದರು. ಅಕಾಡೆಮಿಗಳಿಗೆ ಕಾಣದುದು ಸೂಚಿಗೆ ಕಂಡಿತು. ಎಣಿಕೆ ಕೊಟ್ಟ ಸಾಕ್ಷ್ಯ ಸತ್ಯವಾದುದೇ. ಆದರೆ ಸಾಕ್ಷಿ ನ್ಯಾಯಾಲಯಕ್ಕೆ ಬರುವ ವೇಳೆಗೆ ಕಕ್ಷಿದಾರನು ಲೋಕವನ್ನು ಬಿಟ್ಟು ಒಂದು ವರ್ಷವಾಗಿದ್ದಿತು.

ನಮ್ಮ ದೇಶದಲ್ಲಿ ಡೇ ಅವರಿಗೆ ಸಂದ ಮುಖ್ಯ ಗೌರವ ನಮ್ಮ ಬೆಂಗಳೂರಿನಿಂದಲೇ ಬಂದಿತೆಂಬುದು ಕನ್ನಡಿಗರಿಗೆ ಸಮಾಧಾನದ ಸಂಗತಿ. ಇಲ್ಲಿಂದ 1932ರಿಂದ ಪ್ರಕಟವಾಗುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆ 1990ರ ಜುಲೈಯಲ್ಲಿ ಡೇ ಅವರಿಗೆಂದೇ ಒಂದು ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಲೆಡರ್‌ಬರ್ಗ್ ಅದರಲ್ಲಿ ಬರೆದರು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಅವರು, ಡೇ ತಮ್ಮ ನಾಡಿನಲ್ಲಿಯೇ ಗೌರವ ಕಾಣದೆ ಹೋದ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ನನ್ನ ಸಹೋದ್ಯೋಗಿ ತಂದುಕೊಟ್ಟುದು ಆ ಸಂಚಿಕೆಯ ಪುಟಗಳನ್ನೇ.

ಅಂಕಿಗಳನ್ನು ನೋಡಿ ಮನುಷ್ಯನನ್ನು ತೂಗಬಾರದೆಂಬ ಅರಿವು ವಿಜ್ಞಾನಿಗಳಲ್ಲಿಯೂ ಮೂಡಿದೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಪತ್ರಿಕಾ ಸಂಪಾದಕರು ಮತ್ತು ಪ್ರಕಾಶಕರು ರೂಪಿಸಿದ ಘೋಷಣೆಯೊಂದು, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನು ವ್ಯಕ್ತಿಯ ಯೋಗ್ಯತೆಗೆ ಅಳತೆಗೋಲಾಗಿ ಬಳಸಬಾರದೆಂದು ಹೇಳುತ್ತದೆ. ಅಂಕಿಯ ಬದಲಿಗೆ ಏನು ಮಾಡಬೇಕೆಂದರೆ ಉತ್ತರ ಹಳೆಯದೇ: ಲೇಖನವನ್ನು ಓದಬೇಕು. 1959ರಲ್ಲಿ ಆ ಎರಡು ಪುಟಗಳನ್ನು ಮನಸ್ಸಿಟ್ಟು ಓದಿದವನಿಗೆ ಅದರ ಬೆಲೆ ಅಂದೇ ತಿಳಿಯಬಹುದಾಗಿದ್ದಿತು. ಓದಲು ಒಂದು ಗಳಿಗೆ ಸಾಕು. ಎಣಿಕೆಗೆ ಕಾಯ್ದುದರಿಂದ ಇಪ್ಪತ್ತೇಳು ವರ್ಷ ಹಿಡಿಯಿತು.

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ನನ್ನ ಸೊನ್ನೆಗೆ ಗೌರವದ ಹೊದಿಕೆಯೊಂದು ದೊರೆಯುತ್ತಿದ್ದಿತು. ಆದರೆ ಡೇ ಅವರ ಕಥೆ ನನ್ನನ್ನು ಅಷ್ಟು ಹಗುರವಾಗಿ ಬಿಡಲಿಲ್ಲ. ಆ ಪುಟಗಳನ್ನು ಓದಿ ಮುಗಿಸಿದ ರಾತ್ರಿ, ನನಗೆ ಸೊನ್ನೆ ತಂದ ಆ ಪಾಠಾಂತರಗಳ ಲೇಖನವನ್ನು ತೆಗೆದು ಮತ್ತೊಮ್ಮೆ ನೋಡಿದೆ. ಅಡಿಟಿಪ್ಪಣಿಗಳು ಮೂವತ್ತಕ್ಕೂ ಮೇಲಿದ್ದುವು. ಮುದ್ರಿತ ಗ್ರಂಥಗಳು, ಹೆಸರಾಂತ ಸಂಪಾದಕರು ಎಲ್ಲರೂ ಅಲ್ಲಿದ್ದರು. ಒಂದು ಹೆಸರು ಮಾತ್ರ ಇರಲಿಲ್ಲ. ನಮ್ಮ ಪಕ್ಕದ ಊರಿನಲ್ಲಿ ನಿವೃತ್ತ ಪಂಡಿತರೊಬ್ಬರಿದ್ದರು. ಮೂರು ಮಳೆಗಾಲ ಅವರ ಮನೆಯ ಜಗುಲಿಯಲ್ಲಿ ಕುಳಿತು ಆ ಓಲೆಗಳನ್ನು ಓದುವುದನ್ನು ಕಲಿತವನು ನಾನು. ಲೇಖನದಲ್ಲಿ ನನ್ನದೆಂದು ಹೆಮ್ಮೆಪಟ್ಟುಕೊಂಡಿದ್ದ ಎರಡು ಪಾಠನಿರ್ಣಯಗಳು, ಅವರು ಕನ್ನಡಕವನ್ನು ಹಣೆಗೇರಿಸಿ, “ಇದು ಹಾಗಲ್ಲಪ್ಪ, ಹೀಗಿರಬೇಕು” ಎಂದು ಸೂಚಿಸಿದುವೇ. ಅವರು ಏನನ್ನೂ ಪ್ರಕಟಿಸಿದವರಲ್ಲವಾದುದರಿಂದ ಅಡಿಟಿಪ್ಪಣಿಯ ಯಾವ ರೂಪಕ್ಕೂ ಹೊಂದುತ್ತಿರಲಿಲ್ಲ, ಬಿಟ್ಟುಬಿಟ್ಟಿದ್ದೆ. ನನಗೆ ಗುಮಾಸ್ತರು ಹಾಕಿಸಿದ ಸೊನ್ನೆಯನ್ನು ನಾನು ಅವರಿಗೆ, ಯಾರೂ ಹೇಳದೆಯೇ, ಹಾಕಿದ್ದೆ. ಲೇಖನ ಅಚ್ಚಾಗುವ ಮೊದಲೇ ಅವರು ತೀರಿಕೊಂಡಿದ್ದರು.

ತ್ರೈಮಾಸಿಕದ ಸಂಪಾದಕರಿಗೆ ಒಂದು ಪತ್ರ ಬರೆದೆ. ಆ ಎರಡು ನಿರ್ಣಯಗಳು ಯಾರವೆಂಬುದನ್ನು ಹೆಸರು, ಊರು ಸಹಿತ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಕೋರಿದೆ. ಅವರು ಪ್ರಕಟಿಸಿದರು. ಒಳಪುಟದ ಕೆಳಮೂಲೆಯಲ್ಲಿ ಐದು ಸಾಲು. ಆ ಸಂಚಿಕೆಯ ಒಂದು ಪ್ರತಿಯನ್ನು ಅವರ ಮನೆಗೆ ಒಯ್ದುಕೊಟ್ಟೆ. ಅವರ ಪತ್ನಿ ಪತ್ರಿಕೆಯನ್ನು ಕೈಯಲ್ಲಿ ಹಿಡಿದು, ಹೆಸರಿದ್ದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಿದರು. ತೋರಿಸಿದೆ. ಅವರು ಅದನ್ನು ಎರಡು ಸಲ ಓದಿಸಿಕೊಂಡು, ಕಾಫಿ ತರಲು ಒಳಕ್ಕೆ ಹೋದರು.